ಕಣ್ಣು ಮಂಜಾದವರ ಕೈಗೆ ಮಾತಾಡುವ ಫೋನ್: ಟಾಕ್‌ಬ್ಯಾಕ್ ಅನ್ನು ಕನ್ನಡದಲ್ಲಿ ಹೊಂದಿಸಿ, ಕಲಿಸುವ ಕ್ರಮ

"ಅಮ್ಮನಿಗೆ ಕಾಣಲ್ಲ ಅಂತ ಟಾಕ್‌ಬ್ಯಾಕ್ ಆನ್ ಮಾಡಿದೆ. ಈಗ ಯಾವುದನ್ನು ಮುಟ್ಟಿದರೂ ಸುತ್ತ ಒಂದು ಚೌಕ ಬರುತ್ತೆ, ಏನೂ ತೆರೆಯಲ್ಲ. ಆಫ್ ಮಾಡೋಕೂ ಆಗ್ತಿಲ್ಲ." ಈ ಮಾತು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಟಾಕ್‌ಬ್ಯಾಕ್ ಅಂದರೆ ಸ್ಕ್ರೀನ್ ಮೇಲೆ ಇರುವುದನ್ನು ಓದಿ ಹೇಳುವ, ಫೋನಿನೊಳಗೇ ಇರುವ ಸೌಲಭ್ಯ. ಫೋನ್ ಕೆಟ್ಟಿರುವುದಿಲ್ಲ. ಐದನೇ ಹಂತದಲ್ಲಿ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿರುತ್ತಾರೆ, ಅಷ್ಟೇ.

ನಮ್ಮ ದೊಡ್ಡಮ್ಮನಿಗೆ ಗ್ಲಾಕೋಮಾದಿಂದ ದೃಷ್ಟಿ ಕುಗ್ಗುತ್ತಾ ಬಂದಾಗ ನಾನೂ ಹಾಗೇ ಮಾಡಿದ್ದೆ. ಅವರು ಹೆದರಿ ಫೋನನ್ನು ಬೀರುವಿನಲ್ಲಿ ಇಟ್ಟುಬಿಟ್ಟರು. ಎರಡು ತಿಂಗಳು ಮುಟ್ಟಲಿಲ್ಲ. ಎರಡನೇ ಸಲ ಕ್ರಮ ಬದಲಿಸಿಕೊಂಡೆ. ಈಗ ಅವರೇ ಫೋನ್ ಮಾಡುತ್ತಾರೆ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಇದು ಆಂಡ್ರಾಯ್ಡ್ ಫೋನಿಗೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಜಾಗದಲ್ಲಿ ಆ ಹೆಸರು ಟೈಪ್ ಮಾಡಿ.

## ಕೂರುವ ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಆಂಡ್ರಾಯ್ಡ್ 11 ಅಥವಾ ಅದರ ನಂತರದ್ದು ಇರುವ ಫೋನ್ ಬೇಕು. ಎರಡು ಬೆರಳಿನಿಂದ ತಟ್ಟಿ ಕರೆ ಎತ್ತುವಂಥ ಅನುಕೂಲಗಳು ಹಳೆಯ ಫೋನಿನಲ್ಲಿ ಇಲ್ಲ. ಫೋನ್ ಪೂರ್ತಿ ಚಾರ್ಜ್ ಆಗಿರಲಿ. ದನಿಯ ಫೈಲ್ ಇಳಿಸಿಕೊಳ್ಳಲು ವೈ-ಫೈ ಅಥವಾ ಒಳ್ಳೆಯ ಡೇಟಾ ಇರಲಿ.

ತಂತಿ ಇರುವ ಒಂದು ಇಯರ್‌ಫೋನ್ ತನ್ನಿ. ಬ್ಲೂಟೂತ್ ಬೇಡ. ಅದರ ಚಾರ್ಜ್ ಮುಗಿಯುವುದು, ಜೋಡಣೆ ತಪ್ಪುವುದು, ಇವೆಲ್ಲ ಕಲಿಯುವವರಿಗೆ ಹೊಸ ತಲೆನೋವು. ಕರೆ ಅಭ್ಯಾಸಕ್ಕೆ ಇನ್ನೊಂದು ಫೋನ್ ಇರಲಿ. ಒಂದು ಮಡಿಸಿದ ಟವೆಲ್, ಒಂದು ನೇಲ್ ಪಾಲಿಶ್ ಶೀಶೆ ಕೂಡ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಕ್ರೀನ್ ಗಾರ್ಡ್ ನೋಡಿ. ಒಡೆದಿದ್ದರೆ, ಅಂಚು ಎದ್ದಿದ್ದರೆ, ತುಂಬಾ ದಪ್ಪ ಇದ್ದರೆ ತೆಗೆದು ಹೊಸದು ಹಾಕಿಸಿ. ಕಾಣುವವರು ಇನ್ನೊಂದು ಸಲ ಮುಟ್ಟಿ ಸರಿಮಾಡಿಕೊಳ್ಳುತ್ತಾರೆ. ಕಾಣದವರು "ನನಗೇ ಬರ್ತಿಲ್ಲ" ಅಂದುಕೊಳ್ಳುತ್ತಾರೆ.

ಹೊಂದಿಸಲು ನಿಮಗೆ ಸುಮಾರು ಎರಡು ಗಂಟೆ ಸಾಕು. ಕಲಿಸಲು ದಿನಕ್ಕೆ ಕಾಲು ಗಂಟೆಯಂತೆ ಮೂರು ವಾರ ಬೇಕು. ಭಾನುವಾರ ಬಂದು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮುಗಿಸುತ್ತೇನೆ ಅನ್ನುವವರು ಈಗಲೇ ಶುರು ಮಾಡಬೇಡಿ. ಮೂರು ವಾರ ಬಿಡುವಿದ್ದಾಗ ಮಾಡಿ.

## ಹಂತ 1: ಟಾಕ್‌ಬ್ಯಾಕ್ ಬೇಕೇ ಬೇಕಾ ಅಂತ ನೋಡಿ

ದೊಡ್ಡ ಅಕ್ಷರ ಓದಬಲ್ಲವರಿಗೆ ಟಾಕ್‌ಬ್ಯಾಕ್ ಹಾಕಬೇಡಿ. ಮೊದಲು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿ ಫಾಂಟ್ ಸೈಜ್ ಮತ್ತು ಡಿಸ್‌ಪ್ಲೇ ಸೈಜ್ ಎರಡನ್ನೂ ಪೂರ್ತಿ ಏರಿಸಿ. ಫಾಂಟ್ ಒಂದನ್ನೇ ಏರಿಸಿ ಬಿಡುವವರೇ ಜಾಸ್ತಿ. ಡಿಸ್‌ಪ್ಲೇ ಸೈಜ್ ಏರಿಸಿದರೆ ಐಕಾನ್, ಬಟನ್‌ಗಳೂ ದೊಡ್ಡದಾಗುತ್ತವೆ.

ಅದೂ ಸಾಲದಿದ್ದರೆ ಆಕ್ಸೆಸಿಬಿಲಿಟಿ ಭಾಗದಲ್ಲಿ ಮ್ಯಾಗ್ನಿಫಿಕೇಶನ್ ಇದೆ. ಮೂರು ಸಲ ತಟ್ಟುವ ಶಾರ್ಟ್‌ಕಟ್ ಆರಿಸಿಕೊಂಡರೆ, ತಟ್ಟಿದ ಕಡೆ ದೊಡ್ಡದಾಗಿ ಕಾಣುತ್ತದೆ. ಎರಡು ಬೆರಳಿನಿಂದ ಅತ್ತಿತ್ತ ಸರಿಸಬಹುದು. ಅಲ್ಲೇ ಸೆಲೆಕ್ಟ್ ಟು ಸ್ಪೀಕ್ ಅಂತ ಇನ್ನೊಂದಿದೆ. ಬೇಕಾದಾಗ ಮಾತ್ರ, ಆರಿಸಿದ ಭಾಗವನ್ನು ಮಾತ್ರ ಓದುತ್ತದೆ. ಫೋನ್ ಬಳಸುವ ರೀತಿ ಏನೂ ಬದಲಾಗುವುದಿಲ್ಲ. ಸ್ವಲ್ಪ ಕಾಣುವವರಿಗೆ ಇದು ಬಹಳ ಒಳ್ಳೆಯ ನಡುದಾರಿ.

ಪರೀಕ್ಷೆಯನ್ನು ಬೆಳಗ್ಗೆ ಒಂದು ಸಲ, ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದು ಸಲ ಮಾಡಿ. ನಾಲ್ಕು ಸಾಲಿನ ಕನ್ನಡ ಮೆಸೇಜ್ ಓದಿಸಿ. ಬೆಳಗ್ಗೆ ಓದಿ, ಸಂಜೆ ಓದಲಾಗದೆ ಫೋನನ್ನು ಮೂಗಿನ ಹತ್ತಿರ ತಂದುಕೊಂಡರೆ ಟಾಕ್‌ಬ್ಯಾಕ್ ಯೋಚನೆ ಮಾಡಬಹುದು. ದೃಷ್ಟಿ ಮುಂದೆ ಇನ್ನೂ ಕುಗ್ಗಬಹುದು ಅಂತ ಕಣ್ಣಿನ ಡಾಕ್ಟರ್ ಹೇಳಿದ್ದರೆ, ಸ್ವಲ್ಪ ಕಾಣುತ್ತಿರುವಾಗಲೇ ಕಲಿಸಿ ಅನ್ನುವುದು ನನ್ನ ಅನುಭವ. ದೊಡ್ಡಮ್ಮ ಕೇಳಿದ್ದನ್ನು ಕಂಡಷ್ಟು ನೋಡಿ ಹೊಂದಿಸಿಕೊಳ್ಳುತ್ತಿದ್ದರು. ಅದರಿಂದ ಧೈರ್ಯ ಬೇಗ ಬಂತು.

ಒಂದು ಎಚ್ಚರಿಕೆ. ದೃಷ್ಟಿ ಇದ್ದಕ್ಕಿದ್ದಂತೆ ಮಂಜಾಗಿದ್ದರೆ, ಕಣ್ಣು ನೋಯುತ್ತಿದ್ದರೆ, ಮಿಂಚು ಹೊಡೆದಂತೆ ಕಾಣುತ್ತಿದ್ದರೆ ಫೋನ್ ಪಕ್ಕಕ್ಕಿಟ್ಟು ಅವತ್ತೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

## ಹಂತ 2: ಹೊರಬರುವ ದಾರಿ ಮೊದಲು ಮಾಡಿಕೊಳ್ಳಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಟಾಕ್‌ಬ್ಯಾಕ್ ಆನ್ ಮಾಡುವ ಮುನ್ನ ಆಫ್ ಮಾಡುವುದು ಗೊತ್ತಿರಬೇಕು.

ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟಾಕ್‌ಬ್ಯಾಕ್ ಅಂತ ಒಳಗೆ ಹೋಗಿ. ಅಲ್ಲಿ ಟಾಕ್‌ಬ್ಯಾಕ್ ಶಾರ್ಟ್‌ಕಟ್ ಅಂತ ಇರುತ್ತದೆ. ಅದನ್ನು ಆನ್ ಮಾಡಿ, ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿಯುವ ಆಯ್ಕೆ ಇಟ್ಟುಕೊಳ್ಳಿ. ಇನ್ನು ಮೇಲೆ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಹಿಡಿದರೆ ಟಾಕ್‌ಬ್ಯಾಕ್ ಆನ್, ಮತ್ತೆ ಹಿಡಿದರೆ ಆಫ್. ಮೊದಲ ಸಲ ಹಿಡಿದಾಗ ಒಪ್ಪಿಗೆ ಕೇಳುವ ಒಂದು ಪೆಟ್ಟಿಗೆ ಬರಬಹುದು. ಅದಕ್ಕೆ ನೀವೇ ಒಪ್ಪಿಗೆ ಕೊಟ್ಟು ಮುಗಿಸಿ. ಆಮೇಲೆ ನಾಲ್ಕೈದು ಸಲ ಆನ್-ಆಫ್ ಮಾಡಿ ಕೈಗೆ ರೂಢಿ ಮಾಡಿಕೊಳ್ಳಿ.

ಶಾರ್ಟ್‌ಕಟ್ ಇಲ್ಲದೆ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದೀರಾ? ಹೀಗೆ ಮಾಡಿ. ಸೆಟ್ಟಿಂಗ್ಸ್ ಐಕಾನ್ ಮೇಲೆ ಒಂದು ಸಲ ಮುಟ್ಟಿ. ಹೆಸರು ಹೇಳುತ್ತದೆ. ಈಗ ಬೇಗ ಬೇಗ ಎರಡು ಸಲ ತಟ್ಟಿ. ತೆರೆಯುತ್ತದೆ. ಕೆಳಗೆ ಹೋಗಲು ಒಂದು ಬೆರಳಿನಿಂದ ಆಗುವುದಿಲ್ಲ, ಎರಡು ಬೆರಳು ಒಟ್ಟಿಗೆ ಇಟ್ಟು ಮೇಲಕ್ಕೆ ಸರಿಸಿ. ಆಕ್ಸೆಸಿಬಿಲಿಟಿ ಮುಟ್ಟಿ, ಎರಡು ಸಲ ತಟ್ಟಿ. ಟಾಕ್‌ಬ್ಯಾಕ್ ಮುಟ್ಟಿ, ಎರಡು ಸಲ ತಟ್ಟಿ. ಮೇಲಿನ ಸ್ವಿಚ್‌ಗೂ ಹಾಗೇ. ನಿಲ್ಲಿಸಲೇ ಅಂತ ಕೇಳಿದರೆ ಆ ಬಟನ್ ಮುಟ್ಟಿ ಮತ್ತೆ ಎರಡು ಸಲ ತಟ್ಟಿ.

ಸ್ಕ್ರೀನ್ ಲಾಕ್ ಕೂಡ ಈಗಲೇ ಸರಿಮಾಡಿ. ಗೆರೆ ಎಳೆಯುವ ಪ್ಯಾಟರ್ನ್ ಇದ್ದರೆ ತೆಗೆದು ಅಂಕಿಯ ಪಿನ್ ಹಾಕಿ. ಕಾಣದೆ ಚುಕ್ಕಿ ಸೇರಿಸುವುದು ಬಹಳ ಕಷ್ಟ. ಜೊತೆಗೆ ಬೆರಳಚ್ಚು ಹಾಕಿಸಿ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಅದಕ್ಕೇ ಒಂದೇ ಹೆಬ್ಬೆರಳನ್ನು ಎರಡು ಸಲ ಬೇರೆ ಬೇರೆ ಬೆರಳಚ್ಚಾಗಿ ಸೇರಿಸಿ. ಗುರುತು ಹಿಡಿಯುವುದು ಸುಧಾರಿಸುತ್ತದೆ. ಫೋನ್ ಆಫ್ ಆಗಿ ಆನ್ ಆದಾಗ ಪಿನ್ ಕೇಳಿಯೇ ಕೇಳುತ್ತದೆ, ಆದ್ದರಿಂದ ಪಿನ್ ಅವರಿಗೂ ನೆನಪಿರುವಂಥದ್ದಾಗಿರಲಿ. ಹುಟ್ಟಿದ ವರ್ಷ ಮಾತ್ರ ಬೇಡ.

## ಹಂತ 3: ಕನ್ನಡ ದನಿ ಕೂರಿಸಿ

"ಓದುತ್ತೆ, ಆದರೆ ಕನ್ನಡ ಮೆಸೇಜ್ ಬಂದರೆ ಸುಮ್ನಾಗುತ್ತೆ" ಅನ್ನುವ ದೂರಿಗೆ ಕಾರಣ ಇಲ್ಲಿದೆ. ಟಾಕ್‌ಬ್ಯಾಕ್‌ಗೆ ತನ್ನದೇ ದನಿ ಇಲ್ಲ. ಬರಹವನ್ನು ಮಾತಾಗಿಸುವ ಇನ್ನೊಂದು ಆ್ಯಪ್‌ನಿಂದ ದನಿ ತೆಗೆದುಕೊಳ್ಳುತ್ತದೆ. ಅಲ್ಲಿ ಬರೀ ಇಂಗ್ಲಿಷ್ ದನಿ ಇದ್ದರೆ ಕನ್ನಡ ಅಕ್ಷರ ಬಂದಾಗ ಮೌನವಾಗುತ್ತದೆ, ಇಲ್ಲವೇ ತಡವರಿಸುತ್ತದೆ.

ಪ್ಲೇ ಸ್ಟೋರ್‌ನಲ್ಲಿ ಸ್ಪೀಚ್ ಸರ್ವಿಸಸ್ ಬೈ ಗೂಗಲ್ ಅನ್ನುವುದನ್ನು ಅಪ್‌ಡೇಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್ ಟು ಸ್ಪೀಚ್ ಅಂತ ಹುಡುಕಿ. ಎಂಜಿನ್ ಅಂತ ಇರುವ ಕಡೆ ಗೂಗಲ್‌ನದು ಆರಿಸಿ. ಸ್ಯಾಮ್‌ಸಂಗ್ ಫೋನಿನಲ್ಲಿ ಅವರದೇ ಎಂಜಿನ್ ಮೊದಲು ಇರುತ್ತದೆ, ಬದಲಿಸಿಕೊಳ್ಳಿ. ಪಕ್ಕದ ಗಾಲಿಯ ಗುರುತು ಒತ್ತಿ, ವಾಯ್ಸ್ ಡೇಟಾ ಇಳಿಸುವ ಜಾಗದಲ್ಲಿ ಕನ್ನಡ ಆರಿಸಿ ಇಳಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ದನಿ ಸಿಗುತ್ತವೆ. ಯಾವುದು ಬೇಕು ಅಂತ ಬಳಸುವವರೇ ಕೇಳಿ ಆರಿಸಲಿ. ದೊಡ್ಡಮ್ಮ ಹೆಂಗಸಿನ ದನಿ ಬೇಡ ಅಂದರು, ಗಂಡಸಿನ ದನಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ ಅಂತ. ಕಿವಿ ಸ್ವಲ್ಪ ಮಂದ ಇರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಾತಿನ ವೇಗ ಇಳಿಸಿ. ಮೊದಲಿರುವ ವೇಗ ಹೊಸಬರಿಗೆ ಓಟದಂತೆ ಕೇಳುತ್ತದೆ. ಎರಡು ವಾರ ಕಳೆದ ಮೇಲೆ ಅವರೇ ಜಾಸ್ತಿ ಮಾಡು ಅನ್ನುತ್ತಾರೆ.

ಈಗ ಪರೀಕ್ಷೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಎಂಜಿನ್ ಇರುವ ಪುಟದಲ್ಲೇ ಮಾದರಿ ಮಾತು ಕೇಳಿ. ಕನ್ನಡ ಬಂದರೆ ದನಿ ಫೋನಿನೊಳಗೆ ಇಳಿದಿದೆ ಅಂತ. ಬರದಿದ್ದರೆ ನೆಟ್‌ವರ್ಕ್ ಹೋದಾಗಲೆಲ್ಲ ಫೋನ್ ಮೂಕವಾಗುತ್ತದೆ, ಮತ್ತೆ ಇಳಿಸಿ.

ಫೋನಿನ ಭಾಷೆಯನ್ನೇ ಕನ್ನಡ ಮಾಡಬೇಕಾ? ಇಂಗ್ಲಿಷ್ ಬಾರದವರಾದರೆ ಮಾಡಿ. ಇಲ್ಲದಿದ್ದರೆ ಟಾಕ್‌ಬ್ಯಾಕ್ ಕೊಡುವ ಸೂಚನೆಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಆದರೆ ಕನ್ನಡ ಮೆನುವಿನಲ್ಲಿ ಆಕ್ಸೆಸಿಬಿಲಿಟಿ ಅನ್ನುವುದು "ಪ್ರವೇಶಿಸುವಿಕೆ" ಅಂತ ಬರಬಹುದು. ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ನೀವೇ ಹುಡುಕಾಡುತ್ತೀರಿ.

## ಹಂತ 4: ಫೋನನ್ನು ಹಗುರ ಮಾಡಿ

ಟಾಕ್‌ಬ್ಯಾಕ್ ಸ್ಕ್ರೀನ್ ಮೇಲೆ ಇರುವುದನ್ನೆಲ್ಲ ಓದುತ್ತದೆ. ಹಾಗಾಗಿ ಬೇಡದ್ದು ಸ್ಕ್ರೀನ್ ಮೇಲೆ ಇರಬಾರದು.

ಹೋಮ್ ಸ್ಕ್ರೀನ್ ಒಂದೇ ಪುಟ ಇರಲಿ, ಅದರಲ್ಲಿ ಆರು ಐಕಾನ್ ದಾಟಬಾರದು. ಫೋನ್, ವಾಟ್ಸಾಪ್, ಗಡಿಯಾರ, ರೇಡಿಯೋ ಅಥವಾ ಹಾಡು, ಅಷ್ಟು ಸಾಕು. ಫೋನ್ ಐಕಾನ್ ಕೆಳಗಿನ ಎಡಮೂಲೆಯಲ್ಲಿರಲಿ. ಮೂಲೆಯನ್ನು ಬೆರಳು ಅಂಚು ಹಿಡಿದು ಹುಡುಕುತ್ತದೆ, ನಡುವಿನ ಐಕಾನ್ ಹುಡುಕುವುದು ಕಷ್ಟ. ಒಂದು ಸಲ ಇಟ್ಟ ಮೇಲೆ ಜಾಗ ಬದಲಿಸಲೇಬೇಡಿ.

ಲಾಕ್ ಸ್ಕ್ರೀನ್ ಮೇಲೆ ಚಿತ್ರ, ಸುದ್ದಿ, ಜಾಹೀರಾತು ತೋರಿಸುವ ಸೇವೆ ಕೆಲವು ಫೋನುಗಳಲ್ಲಿ ಮೊದಲೇ ಇರುತ್ತದೆ. ಅದನ್ನು ಹುಡುಕಿ ಆಫ್ ಮಾಡಿ. ಆಟ, ಶಾಪಿಂಗ್, ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಎಲ್ಲ ಮುಚ್ಚಿ. ಮಾತಿನ ನಡುವೆ "ಶೇಕಡ 70 ರಿಯಾಯಿತಿ" ಅಂತ ಫೋನ್ ಕೂಗಿದರೆ ಕಲಿಯುವವರು ಎಲ್ಲಿದ್ದೇನೆ ಅನ್ನುವುದನ್ನೇ ಮರೆಯುತ್ತಾರೆ.

ಕೆಳಗೆ ಬರುವ ಮೂರು ಬಟನ್‌ಗಳ ನ್ಯಾವಿಗೇಶನ್ ಇಟ್ಟುಕೊಳ್ಳಿ. ಬೆರಳು ಸರಿಸಿ ಹಿಂದೆ ಹೋಗುವ ಜೆಸ್ಚರ್ ನ್ಯಾವಿಗೇಶನ್ ಟಾಕ್‌ಬ್ಯಾಕ್ ಇದ್ದಾಗ ಎರಡು ಬೆರಳು ಕೇಳುತ್ತದೆ, ಶುರುವಿನಲ್ಲಿ ಬೇಡ. ಸ್ಕ್ರೀನ್ ಆರುವ ಸಮಯ ಎರಡು ನಿಮಿಷಕ್ಕಾದರೂ ಏರಿಸಿ. ಆಟೋ ರೊಟೇಟ್ ಆಫ್ ಮಾಡಿ. ಆಕ್ಸೆಸಿಬಿಲಿಟಿಯಲ್ಲಿ ಪವರ್ ಬಟನ್‌ನಿಂದ ಕರೆ ಮುಗಿಸುವ ಆಯ್ಕೆ ಇದ್ದರೆ ಆನ್ ಮಾಡಿ.

ಕಾಂಟ್ಯಾಕ್ಟ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಇದು ಬೇಸರದ ಕೆಲಸ, ಆದರೆ ಮಾಡಲೇಬೇಕು. ಇಂಗ್ಲಿಷ್ ಅಕ್ಷರದ ಹೆಸರುಗಳನ್ನು ಕನ್ನಡ ದನಿ ಎಷ್ಟೋ ಸಲ ಅಡ್ಡಾದಿಡ್ಡಿ ಉಚ್ಚರಿಸುತ್ತದೆ. ಯಾರ ಕರೆ ಅಂತ ಗೊತ್ತಾಗದೆ ಎತ್ತುವುದಿಲ್ಲ. ಹೆಸರಿನ ಪಕ್ಕ ಹೂವು, ಹೃದಯದ ಚಿತ್ರ ಇದ್ದರೆ ತೆಗೆಯಿರಿ, ಅದನ್ನೂ ಓದುತ್ತದೆ. "ಅಣ್ಣ ಮೈಸೂರು", "ಮೆಡಿಕಲ್ ಶಾಪ್" ಹೀಗೆ ಅವರು ಮನೆಯಲ್ಲಿ ಕರೆಯುವ ಹಾಗೇ ಇರಲಿ.

ಇನ್ನು ನೇಲ್ ಪಾಲಿಶ್. ಬ್ಯಾಕ್ ಕವರ್‌ನ ಮೇಲ್ಭಾಗದಲ್ಲಿ ಒಂದು ಹನಿ ಹಾಕಿ ಒಣಗಿಸಿ. ಅದರ ಮೇಲೆ ಇನ್ನೊಂದು, ಮತ್ತೊಂದು. ಮೂರು ನಾಲ್ಕು ಪದರವಾದರೆ ಬೆರಳಿಗೆ ಸಿಗುವ ಗುಬುಟು ಆಗುತ್ತದೆ. ಫೋನ್ ತಲೆಕೆಳಗಾಗಿ ಹಿಡಿದಿದ್ದೇನೆಯೇ ಅಂತ ತಕ್ಷಣ ಗೊತ್ತಾಗುತ್ತದೆ.

## ಹಂತ 5: ಮೊದಲು ನೀವು ಕಣ್ಣು ಮುಚ್ಚಿ ಕಲಿಯಿರಿ

ಈಗ ಟಾಕ್‌ಬ್ಯಾಕ್ ಆನ್ ಮಾಡಿ, ಆದರೆ ಫೋನ್ ಅವರ ಕೈಗೆ ಕೊಡಬೇಡಿ. ಟಾಕ್‌ಬ್ಯಾಕ್ ಸೆಟ್ಟಿಂಗ್ಸ್ ಒಳಗೆ ಅಭ್ಯಾಸದ ಪಾಠ ಇದೆ, ಅದನ್ನು ನೀವು ಮುಗಿಸಿ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದು ಕರೆ ಮಾಡಿ, ಒಂದು ಕರೆ ಎತ್ತಿ, ಒಂದು ವಾಯ್ಸ್ ಮೆಸೇಜ್ ಕೇಳಿ. ನಿಮಗೆ ಎಲ್ಲಿ ತಡವರಿಸುತ್ತದೋ ಅವರಿಗೂ ಅಲ್ಲೇ ತಡವರಿಸುತ್ತದೆ.

ನಿಮಗೆ ಬರಬೇಕಾದ ಚಲನೆಗಳು ಇಷ್ಟೇ:

- ಒಂದು ಬೆರಳು ಸ್ಕ್ರೀನ್ ಮೇಲೆ ಮೆಲ್ಲಗೆ ಓಡಿಸಿದರೆ ಬೆರಳ ಕೆಳಗಿನದರ ಹೆಸರು ಹೇಳುತ್ತದೆ.
- ಬಲಕ್ಕೆ ಚಿಮ್ಮಿದರೆ ಮುಂದಿನದು, ಎಡಕ್ಕೆ ಚಿಮ್ಮಿದರೆ ಹಿಂದಿನದು.
- ಎರಡು ಸಲ ತಟ್ಟಿದರೆ ಈಗ ಹೇಳಿದ್ದು ತೆರೆಯುತ್ತದೆ.
- ಎರಡು ಬೆರಳು ಸರಿಸಿದರೆ ಪುಟ ಜರುಗುತ್ತದೆ.
- ಎರಡು ಬೆರಳಿನಿಂದ ಒಂದು ಸಲ ತಟ್ಟಿದರೆ ಮಾತು ನಿಲ್ಲುತ್ತದೆ.
- ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಕರೆ ಎತ್ತುತ್ತದೆ.
- ಕೆಳಕ್ಕೆ ಹೋಗಿ ಎಡಕ್ಕೆ ತಿರುಗಿದರೆ ಹಿಂದಿನ ಪುಟ, ಮೇಲಕ್ಕೆ ಹೋಗಿ ಎಡಕ್ಕೆ ತಿರುಗಿದರೆ ಹೋಮ್.

## ಹಂತ 6: ಕಲಿಸುವುದು

ದಿನಕ್ಕೆ ಕಾಲು ಗಂಟೆ. ಒಂದು ದಿನಕ್ಕೆ ಒಂದೇ ಹೊಸ ವಿಷಯ. ಟಿವಿ ಆಫ್ ಇರಲಿ, ಮೊಮ್ಮಕ್ಕಳು ಪಕ್ಕದಲ್ಲಿ ಬೇಡ. "ಅಜ್ಜಿ, ಅದಲ್ಲ ಇದು" ಅಂತ ಮಕ್ಕಳು ಪ್ರೀತಿಯಿಂದಲೇ ಕಿತ್ತುಕೊಂಡು ಮಾಡಿ ತೋರಿಸಿಬಿಡುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು.

ಫೋನನ್ನು ಮಡಿಸಿದ ಟವೆಲ್ ಮೇಲಿಡಿ, ಜಾರುವುದಿಲ್ಲ. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಮುಟ್ಟುವುದು ಎರಡನೇ ವಾರಕ್ಕೆ ಇರಲಿ. ಅವರ ಕೈ ಒರೆಸಿ. ಒದ್ದೆ ಬೆರಳು, ಎಣ್ಣೆ ಬೆರಳು, ಒಣಗಿ ಬಿರಿದ ಬೆರಳು, ಮೂರನ್ನೂ ಸ್ಕ್ರೀನ್ ಸರಿಯಾಗಿ ಗುರುತಿಸುವುದಿಲ್ಲ. ತೋರುಬೆರಳು ಸವೆದಿದ್ದರೆ ನಡುಬೆರಳು ಬಳಸಲಿ.

ಅವರ ಬೆರಳು ಹಿಡಿದು ಎಳೆಯಬೇಡಿ. ನಿಮ್ಮ ಬೆರಳು ಕೆಳಗಿರಲಿ, ಅವರ ಕೈ ನಿಮ್ಮ ಕೈ ಮೇಲಿರಲಿ. ನೀವು ಮಾಡುವ ಚಲನೆ ಅವರ ಕೈಗೆ ತಿಳಿಯುತ್ತದೆ, ಯಾರೋ ಎಳೆದಾಡಿದಂತೆ ಆಗುವುದಿಲ್ಲ.

ಮೊದಲ ಮೂರು ದಿನ: ಬರೀ ಸವರುವುದು. ಏನನ್ನೂ ತೆರೆಯುವುದಿಲ್ಲ. ಹೋಮ್ ಸ್ಕ್ರೀನ್ ಮೇಲೆ ಬೆರಳು ಓಡಿಸಿ ಯಾವುದು ಎಲ್ಲಿದೆ ಅಂತ ಕೇಳುವುದು ಮಾತ್ರ. "ಸುಮ್ನೆ ಮುಟ್ಟಿ ನೋಡಿ, ಏನೂ ಆಗಲ್ಲ" ಅನ್ನುವುದು ಇಲ್ಲಿ ನಿಜವಾದ ಮಾತು. ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಅಷ್ಟೇ. ತಪ್ಪಾಗಿ ಯಾರಿಗೋ ಕರೆ ಹೋಗುವ ಭಯ ಇಲ್ಲ. ಈ ಭಯ ಹೋಗುವುದೇ ಮೊದಲ ಮೂರು ದಿನದ ಸಂಪಾದನೆ.

ನಾಲ್ಕನೇ ದಿನ: ಎರಡು ಸಲ ತಟ್ಟುವುದು. ಬಹಳ ಜನ ಸೋಲುವುದು ಇಲ್ಲಿ. ದೊಡ್ಡಮ್ಮ ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತುತ್ತಿದ್ದರು. ಹಳೆಯ ಬಟನ್ ಫೋನಿನ ಅಭ್ಯಾಸ. ಒತ್ತಿದಷ್ಟೂ ಫೋನ್ ಹೆಸರು ಹೇಳಿ ಸುಮ್ಮನಿರುತ್ತಿತ್ತು, ಅವರು ಇನ್ನೂ ಜೋರಾಗಿ ಒತ್ತುತ್ತಿದ್ದರು. ಫೋನ್ ಪಕ್ಕಕ್ಕಿಟ್ಟೆ. "ಕಾವಲಿ ಕಾದಿದೆಯಾ ಅಂತ ಹೇಗೆ ಬೆರಳು ತಾಗಿಸಿ ನೋಡ್ತೀರಿ?" ಅಂತ ಕೇಳಿದೆ. ಮೇಜಿನ ಮೇಲೆ ಬೆರಳು ಚಕ್ ಅಂತ ತಾಗಿಸಿ ತೆಗೆದರು. "ಹಾಗೇ, ಎರಡು ಸಲ." ಎರಡು ನಿಮಿಷದಲ್ಲಿ ಬಂತು. ಸ್ಕ್ರೀನ್ ಮೇಲೆ ಹೋಗುವ ಮೊದಲು ಮೇಜಿನ ಮೇಲೆ ಇಪ್ಪತ್ತು ಸಲ ತಟ್ಟಿಸಿ.

ಇನ್ನೊಂದು ಮಾತನ್ನು ಬಿಡಿಸಿ ಹೇಳಿ. ಹೆಸರು ಕೇಳಿದ ಮೇಲೆ ಅದೇ ಜಾಗದಲ್ಲಿ ತಟ್ಟಬೇಕಿಲ್ಲ. ಸ್ಕ್ರೀನ್‌ನ ಎಲ್ಲಿ ತಟ್ಟಿದರೂ ಕೊನೆಗೆ ಹೇಳಿದ್ದೇ ತೆರೆಯುತ್ತದೆ. ಇದು ಗೊತ್ತಿಲ್ಲದವರು ಬೆರಳು ಎತ್ತಿ, ಮತ್ತೆ ಅದೇ ಐಕಾನ್ ಹುಡುಕುತ್ತಾ ಪಕ್ಕದ್ದನ್ನು ಮುಟ್ಟಿ, ಬೇರೇನೋ ತೆರೆದು ಗಾಬರಿಯಾಗುತ್ತಾರೆ. ಹೆಸರು ಕೇಳಿದ ಮೇಲೆ ಬೆರಳು ಎತ್ತಿ, ಸ್ಕ್ರೀನ್ ನಡುವಿನಲ್ಲಿ ತಟ್ಟುವ ಅಭ್ಯಾಸ ಮಾಡಿಸಿ.

ಆರನೇ ದಿನದಿಂದ: ಚಿಮ್ಮುವುದು. ಮೆಲ್ಲಗೆ ಸರಿಸಿದರೆ ಟಾಕ್‌ಬ್ಯಾಕ್ ಅದನ್ನು ಸವರುವುದು ಅಂದುಕೊಳ್ಳುತ್ತದೆ, ಮುಂದೆ ಹೋಗುವುದಿಲ್ಲ. ಮೇಜಿನ ಮೇಲೆ ಬಿದ್ದ ಅಕ್ಕಿಕಾಳನ್ನು ಪಕ್ಕಕ್ಕೆ ಚಿಮ್ಮುವ ಹಾಗೆ ಚಿಕ್ಕದಾಗಿ, ಬೇಗ. ನಿಜವಾದ ಅಕ್ಕಿಕಾಳು ಇಟ್ಟೇ ಅಭ್ಯಾಸ ಮಾಡಿಸಬಹುದು.

ಎರಡನೇ ವಾರ: ಕರೆ. ಮೊದಲು ಎತ್ತುವುದು, ಆಮೇಲೆ ಮಾಡುವುದು. ನೀವು ಪಕ್ಕದ ಕೋಣೆಗೆ ಹೋಗಿ ಹತ್ತು ಸಲ ಕರೆ ಮಾಡಿ. ಎರಡು ಬೆರಳಿನಿಂದ ಎರಡು ಸಲ ತಟ್ಟಿ ಎತ್ತಲಿ, ಪವರ್ ಬಟನ್ ಒತ್ತಿ ಮುಗಿಸಲಿ. ಸ್ಯಾಮ್‌ಸಂಗ್ ಫೋನಿನಲ್ಲಿ ವಾಲ್ಯೂಮ್ ಅಪ್ ಬಟನ್ ಒತ್ತಿ ಕರೆ ಎತ್ತುವ ಆಯ್ಕೆಯೂ ಆಕ್ಸೆಸಿಬಿಲಿಟಿಯಲ್ಲಿದೆ. ಎರಡು ಬೆರಳು ಒಟ್ಟಿಗೆ ಬಾರದವರಿಗೆ ಅದೇ ಸುಲಭ. ರಿಂಗ್‌ಟೋನ್ ಮೆದುವಾದದ್ದು ಹಾಕಿ. ದೊಡ್ಡ ಹಾಡು ಹಾಕಿದರೆ ಯಾರ ಕರೆ ಅಂತ ಹೇಳುವ ದನಿ ಮುಚ್ಚಿಹೋಗುತ್ತದೆ.

ಕರೆ ಮಾಡಲು ಕಾಂಟ್ಯಾಕ್ಟ್ ಪಟ್ಟಿ ಪೂರ್ತಿ ಕಲಿಸಬೇಡಿ. ಡಯಲರ್‌ನ ಫೇವರಿಟ್ಸ್‌ನಲ್ಲಿ ಐದು ಜನರನ್ನು ಹಾಕಿ. ಐದು ಸಲ ಚಿಮ್ಮುವುದರೊಳಗೆ ಬೇಕಾದವರು ಸಿಗಬೇಕು.

ಹಿಂದೆ ಹೋಗುವುದಕ್ಕೆ ಶುರುವಿನಲ್ಲಿ ಕೆಳಗಿನ ಬಟನ್ ಸಾಕು. ಬ್ಯಾಕ್ ಬಟನ್ ಕೆಲವು ಫೋನಿನಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ಇರುತ್ತದೆ, ನೋಡಿಕೊಂಡು ಹೇಳಿ. ದಾರಿ ತಪ್ಪಿದಾಗ ಏನು ಮಾಡಬೇಕು ಅನ್ನುವುದಕ್ಕೆ ಒಂದೇ ಉತ್ತರ ಕೊಡಿ: ಹೋಮ್ ಬಟನ್. ಎಲ್ಲಿದ್ದರೂ ಮನೆಗೆ ಬಂದಂತೆ.

## ಹಂತ 7: ಮೆಸೇಜ್

ವಾಟ್ಸಾಪ್‌ನಲ್ಲಿ ಹತ್ತಿರದ ಮೂವರ ಚಾಟ್ ಅನ್ನು ಪಿನ್ ಮಾಡಿ ಮೇಲಿಡಿ. ಗುಂಪುಗಳನ್ನೆಲ್ಲ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ.

ಮೊದಲು ಬಂದ ವಾಯ್ಸ್ ಮೆಸೇಜ್ ಕೇಳುವುದು, ಆಮೇಲೆ ಕಳಿಸುವುದು. ಮೈಕ್ ಗುರುತು ಹುಡುಕಿ ಎರಡು ಸಲ ತಟ್ಟಿ, ಎರಡನೇ ತಟ್ಟಿನಲ್ಲಿ ಬೆರಳು ಎತ್ತದೆ ಹಿಡಿದು ಮಾತಾಡಿ ಬಿಟ್ಟರೆ ಹೋಗುತ್ತದೆ. ಕೆಲವು ಆವೃತ್ತಿಯಲ್ಲಿ ಎರಡು ಸಲ ತಟ್ಟಿದರೆ ರೆಕಾರ್ಡ್ ಶುರುವಾಗಿ, ಮುಗಿದ ಮೇಲೆ ಸೆಂಡ್ ಬಟನ್ ತಟ್ಟಬೇಕು. ನಿಮ್ಮ ಫೋನಿನಲ್ಲಿ ಯಾವುದು ಅಂತ ನೋಡಿ ಅದೊಂದನ್ನೇ ಕಲಿಸಿ. ಎರಡೂ ಹೇಳಬೇಡಿ.

ಬರಹದ ಮೆಸೇಜ್ ಬೇಕು ಅಂದರೆ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ ಮೈಕ್‌ನಿಂದ ಹೇಳಿ ಬರೆಸಬಹುದು. ಇಯರ್‌ಫೋನ್ ಹಾಕಿಕೊಂಡೇ ಮಾಡಲಿ. ಇಲ್ಲದಿದ್ದರೆ ಟಾಕ್‌ಬ್ಯಾಕ್ ಹೇಳಿದ ಮಾತು ಮೈಕ್‌ಗೆ ಹೋಗಿ ಅದೂ ಬರಹವಾಗಿಬಿಡುತ್ತದೆ.

## ಹಂತ 8: ಪಿನ್ ಮತ್ತು ದುಡ್ಡು

ಇದನ್ನು ಕೊನೆಗೆ ಇಟ್ಟಿದ್ದೇನೆ. ಕರೆ ಮತ್ತು ಮೆಸೇಜ್ ಸಲೀಸಾಗುವವರೆಗೆ ಯುಪಿಐ ಮುಟ್ಟಬೇಡಿ.

ಪಿನ್ ಹುಡುಕುವಾಗ ಬೆರಳ ಕೆಳಗಿನ ಅಂಕಿಯನ್ನು ಫೋನ್ ಜೋರಾಗಿ ಹೇಳಬಹುದು. ಬಸ್ಸಿನಲ್ಲೋ ಅಂಗಡಿಯಲ್ಲೋ ಇದ್ದರೆ ಪಕ್ಕದವರಿಗೂ ಕೇಳುತ್ತದೆ. ಆದ್ದರಿಂದ ಹೊರಗೆ ಪಿನ್ ಹಾಕುವುದಾದರೆ ಇಯರ್‌ಫೋನ್ ಇರಲೇಬೇಕು. ಎಲ್ಲ ಉಳಿತಾಯ ಇರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ, ಸ್ವಲ್ಪ ದುಡ್ಡಿರುವ ಬೇರೆ ಖಾತೆ ಇರಲಿ.

ಕೆಲವು ಆ್ಯಪ್‌ಗಳಲ್ಲಿ ಬಟನ್‌ಗೆ ಹೆಸರೇ ಕೊಟ್ಟಿರುವುದಿಲ್ಲ. ಟಾಕ್‌ಬ್ಯಾಕ್ ಬರೀ "ಬಟನ್" ಅನ್ನುತ್ತದೆ. ಅಂಥ ಕೆಲವು ಬಟನ್‌ಗೆ ನೀವೇ ಹೆಸರು ಕೊಡಬಹುದು. ಮೂರು ಬೆರಳಿನಿಂದ ಒಂದು ಸಲ ತಟ್ಟಿದರೆ ಟಾಕ್‌ಬ್ಯಾಕ್ ಮೆನು ತೆರೆಯುತ್ತದೆ, ಲೇಬಲ್ ಸೇರಿಸುವ ಆಯ್ಕೆ ಅದರಲ್ಲಿ ಸಿಗುತ್ತದೆ. ಆಗದಿದ್ದರೆ ಬೇರೆ ಆ್ಯಪ್ ನೋಡಿ. ಅಂದಾಜಿನ ಮೇಲೆ ದುಡ್ಡು ಕಳಿಸುವಂತೆ ಯಾರನ್ನೂ ಮಾಡಬೇಡಿ.

ಕೆವೈಸಿಗೆ "ಕಣ್ಣು ಮಿಟುಕಿಸಿ" ಅಂತ ಕೇಳಿ, ಆಗದಿದ್ದಾಗ ಅರ್ಜಿ ತಿರಸ್ಕರಿಸಿದರೆ ಸುಮ್ಮನೆ ವಾಪಸ್ ಬರಬೇಡಿ. ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಕೆವೈಸಿಯನ್ನು ಅಂಗವೈಕಲ್ಯ ಇರುವವರಿಗೆ ಸಾಧ್ಯವಾಗುವಂತೆ ಮಾಡಲು 20 ಸೂಚನೆಗಳನ್ನು ಕೊಟ್ಟಿದೆ. ಬೇರೆ ದಾರಿ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ.

ನೋಟು ಗುರುತಿಸಲು ರಿಸರ್ವ್ ಬ್ಯಾಂಕ್‌ನ ಮನಿ (MANI) ಅನ್ನುವ ಆ್ಯಪ್ ಇದೆ, 2020ರಲ್ಲಿ ಬಂದದ್ದು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ, ಇಂಟರ್‌ನೆಟ್ ಬೇಡ. ಅಸಲಿಯೋ ನಕಲಿಯೋ ಅಂತ ಮಾತ್ರ ಹೇಳುವುದಿಲ್ಲ.

ಮೋಸದ ವಿಷಯಕ್ಕೆ ಬರೋಣ. ಆಕ್ಸೆಸಿಬಿಲಿಟಿ ಅನುಮತಿ ಅಂದರೆ ಸ್ಕ್ರೀನ್ ಮೇಲಿನದನ್ನೆಲ್ಲ ಓದುವ, ನಿಮ್ಮ ಪರವಾಗಿ ಬಟನ್ ಒತ್ತುವ ಅನುಮತಿ. ಟಾಕ್‌ಬ್ಯಾಕ್‌ಗೆ ಅದು ಬೇಕು. ವಾಟ್ಸಾಪ್‌ನಲ್ಲಿ ಬಂದ ಮದುವೆ ಕಾರ್ಡ್ ಫೈಲಿಗೋ, ಟ್ರಾಫಿಕ್ ದಂಡದ ಫೈಲಿಗೋ ಯಾಕೆ ಬೇಕು? ಎಪಿಕೆ ಅಂತ ಕೊನೆಯಾಗುವ ಫೈಲ್ ತೆರೆಯಲೇಬಾರದು. ಫೋನ್ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಅಂತ ಕರೆ ಮಾಡಿದವರ ಮಾತೂ ಕೇಳಬಾರದು. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನೂ ಫೇವರಿಟ್ಸ್‌ಗೆ ಹಾಕಿ.

## ಏನೋ ತಪ್ಪಿದೆ ಅನ್ನುವ ಸೂಚನೆಗಳು

ಚೌಕ ಬರುತ್ತದೆ, ದನಿ ಇಲ್ಲ. ಟಾಕ್‌ಬ್ಯಾಕ್‌ನ ದನಿಗೆ ಬೇರೆಯೇ ವಾಲ್ಯೂಮ್ ಇದೆ. ವಾಲ್ಯೂಮ್ ಬಟನ್ ಒತ್ತಿ, ಬರುವ ಪಟ್ಟಿಯಲ್ಲಿ ಆಕ್ಸೆಸಿಬಿಲಿಟಿ ಅನ್ನುವ ಸಾಲನ್ನು ಏರಿಸಿ.

ಇದ್ದಕ್ಕಿದ್ದಂತೆ ಇಂಗ್ಲಿಷ್ ಮಾತಾಡುತ್ತದೆ. ಅಪ್‌ಡೇಟ್ ಆದ ಮೇಲೆ ಎಂಜಿನ್ ಅಥವಾ ಭಾಷೆ ಬದಲಾಗಿರಬಹುದು. ಹಂತ 3ಕ್ಕೆ ಹೋಗಿ.

ತಾನಾಗಿ ಆಫ್ ಆಗುತ್ತದೆ. ಬ್ಯಾಟರಿ ಉಳಿಸುವ ಅಥವಾ ಫೋನ್ ಸ್ವಚ್ಛ ಮಾಡುವ ಆ್ಯಪ್ ನಿಲ್ಲಿಸುತ್ತಿರಬಹುದು. ಆಂಡ್ರಾಯ್ಡ್ ಆಕ್ಸೆಸಿಬಿಲಿಟಿ ಸೂಟ್ (ಟಾಕ್‌ಬ್ಯಾಕ್ ಇರುವ ಆ್ಯಪ್) ಮತ್ತು ಗೂಗಲ್ ಸ್ಪೀಚ್ ಎರಡಕ್ಕೂ ಬ್ಯಾಟರಿ ನಿರ್ಬಂಧ ತೆಗೆಯಿರಿ.

ಹಾಡು ಬರುವಾಗ ಮಾತು ಕೇಳುವುದಿಲ್ಲ. ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಡಕಿಂಗ್ ಆನ್ ಮಾಡಿ. ಮಾತಾಡುವಾಗ ಹಾಡು ತಗ್ಗುತ್ತದೆ.

"ನೀನೇ ಮಾಡಿಬಿಡಪ್ಪ" ಅನ್ನುವುದು ಜಾಸ್ತಿಯಾಗಿದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂಚನೆ. ವೇಗ ಜಾಸ್ತಿಯಾಯಿತು ಅಂತ ಅರ್ಥ. ಎರಡು ದಿನ ಹಿಂದಿನ ಪಾಠಕ್ಕೆ ಹೋಗಿ, ಅವರಿಗೆ ಬರುವುದನ್ನೇ ಮಾಡಿಸಿ. ಕೈಯಿಂದ ಫೋನ್ ಕಿತ್ತುಕೊಂಡು ಮಾಡಿಕೊಡಬೇಡಿ.

## ಹಂತ 9: ಮನೆಯಲ್ಲಿ ಬಿಟ್ಟು ಬರುವ ಹಾಳೆ

ನೀವು ಊರಿಗೆ ಹೊರಡುವ ಮುನ್ನ ಒಂದು ಹಾಳೆ ಬರೆಯಿರಿ. ಇದು ಫೋನ್ ಬಳಸುವವರಿಗಲ್ಲ, ಪಕ್ಕದ ಮನೆಯವರಿಗೆ ಅಥವಾ ಮನೆಗೆ ಬಂದವರಿಗೆ. ನೋಡಿದವರು ಫೋನ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಒಯ್ದು ರೀಸೆಟ್ ಮಾಡಿಸಿಬಿಡುವುದು ನಡೆಯುತ್ತಲೇ ಇರುತ್ತದೆ. ದೊಡ್ಡಮ್ಮನ ಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿರುವ ಹಾಳೆಯಲ್ಲಿ ಇಷ್ಟಿದೆ:

"ಈ ಫೋನ್ ಮಾತಾಡುತ್ತದೆ. ಕೆಟ್ಟಿಲ್ಲ. ನೀವು ನೋಡಬೇಕಾದರೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಹಿಡಿಯಿರಿ, ಮಾತು ನಿಲ್ಲುತ್ತದೆ. ನೋಡಿಯಾದ ಮೇಲೆ ಮತ್ತೆ ಹಾಗೇ ಹಿಡಿದು ಮಾತು ಶುರು ಮಾಡಿ ಕೊಡಿ. ಐಕಾನ್ ಜಾಗ ಬದಲಿಸಬೇಡಿ. ಹೊಸ ಆ್ಯಪ್ ಹಾಕಬೇಡಿ. ಸಂದೇಹ ಇದ್ದರೆ ನನಗೆ ಕರೆ ಮಾಡಿ."

ಕೆಳಗೆ ನನ್ನ ನಂಬರ್ ಇದೆ, ದಪ್ಪ ಮಾರ್ಕರ್‌ನಲ್ಲಿ.